ಬೊಲೆರೊ ಕ್ಯಾರಿಯರ್ ಮೇಲೆ ಎಷ್ಟು ತೂಕ ಹಾಕಬಹುದು? ಸ್ಪಿತಿಗೆ ಹೊರಟಿದ್ದೇವೆ

ಶಿರಸಿ_ಬೊಲೆರೊ:

ಎಲ್ಲರಿಗೂ ನಮಸ್ಕಾರ. ನಮ್ಮದು ಹಳೇ ಬೊಲೆರೊ, ಫೋರ್ ವೀಲ್ ಡ್ರೈವ್ ಇರುವಂಥದ್ದು. ಸೆಪ್ಟೆಂಬರ್‌ನಲ್ಲಿ ಶಿರಸಿಯಿಂದ ಹಿಮಾಚಲದ ಸ್ಪಿತಿ ಕಣಿವೆಗೆ ಹೊರಟಿದ್ದೇವೆ. ನಾನು, ಹೆಂಡತಿ, ಭಾವ, ಅವರ ಮಗ, ಒಟ್ಟು ನಾಲ್ಕು ಜನ. ಹಿಂದೆ ಕೂರುವವರಿಗೆ ಕಾಲು ಚಾಚಲು ಜಾಗ ಇರಲಿ, ಸಾಮಾನೆಲ್ಲ ಮೇಲೆ ಹೋಗಲಿ ಅಂತ ಕಬ್ಬಿಣದ ಪೈಪಿನ ಕ್ಯಾರಿಯರ್ ಮಾಡಿಸಿದೆ. ಟಾಪಿನ ಉದ್ದಕ್ಕೂ ಇದೆ. ಮಳೆನೀರಿನ ಗಟರ್‌ಗೆ ಆರು ಕ್ಲಾಂಪ್ ಹಾಕಿದ್ದಾರೆ.

ಮೇಲೆ ಹಾಕಬೇಕು ಅಂದುಕೊಂಡಿರುವುದು ಇಷ್ಟು: ಇನ್ನೊಂದು ಸ್ಟೆಪ್ನಿ, 20 ಲೀಟರಿನ ಡೀಸೆಲ್ ಕ್ಯಾನ್ ಎರಡು, 20 ಲೀಟರ್ ನೀರು, ಟೆಂಟು, ಹಾಸಿಗೆ, ಸಣ್ಣ ಗ್ಯಾಸ್ ಸಿಲಿಂಡರ್, ಪಾತ್ರೆ ಪೆಟ್ಟಿಗೆ. ಮಾಡಿಕೊಟ್ಟವರು "ಎರಡು ಕ್ವಿಂಟಾಲ್ ಹಾಕಿದರೂ ಏನೂ ಆಗುವುದಿಲ್ಲ" ಎಂದರು.

ಕಳೆದ ಭಾನುವಾರ ಎಲ್ಲಾ ಕಟ್ಟಿಕೊಂಡು ನೋಡೋಣ ಅಂತ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋದೆವು. ನಿಧಾನವೇ ಹೋಗುತ್ತಿದ್ದೆ. ಆದರೂ ತಿರುವಿನಲ್ಲಿ ಗಾಡಿ ಹೊರಗಡೆಗೆ ವಾಲಿತು, ತಿರುವು ಮುಗಿದ ಮೇಲೂ ಒಂದು ಕ್ಷಣ ಹಾಗೇ ಇತ್ತು, ಆಮೇಲೆ ಈ ಕಡೆಗೆ ತೂಗಿತು. ಈ ಗಾಡಿಯಲ್ಲಿ ಇದೇ ಘಟ್ಟವನ್ನು ನೂರಾರು ಸಲ ಇಳಿದಿದ್ದೇನೆ, ಹೀಗೆ ಯಾವತ್ತೂ ಆಗಿರಲಿಲ್ಲ. ಕುಮಟಾದಲ್ಲಿ ಇಳಿದು ನೋಡಿದರೆ, ಮನೆಯಲ್ಲಿ ಕಟ್ಟುವಾಗ ಬೆರಳೂ ತೂರದಷ್ಟು ಬಿಗಿಯಿದ್ದ ನೈಲಾನ್ ಹಗ್ಗದ ಕೆಳಗೆ ಮುಷ್ಟಿ ಹೋಗುತ್ತಿತ್ತು. ದಾರಿಯಲ್ಲಿ ಸ್ವಲ್ಪ ಮಳೆಯೂ ಬಂದಿತ್ತು.

ಎಷ್ಟು ತೂಕ ಹಾಕಬಹುದು, ಹೇಗೆ ಕಟ್ಟಬೇಕು, ತಿಳಿದವರು ದಯವಿಟ್ಟು ಹೇಳಿ. ಮನೆಯವರನ್ನೆಲ್ಲ ಕರೆದುಕೊಂಡು ಹೋಗುತ್ತಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ.

ಕಾಳಿ_ದಡ (ಕಾರವಾರ):

ಸರ್, ಘಟ್ಟದಲ್ಲೇ ಗೊತ್ತಾಯಿತಲ್ಲ, ಒಳ್ಳೆಯದೇ ಆಯಿತು.

ಮೊದಲು ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಟಾಪ್ ಮೇಲೆ ಎಷ್ಟು ತೂಕ ಎಂದು ಬರೆದಿದ್ದಾರಾ ನೋಡಿ, ಇಲ್ಲದಿದ್ದರೆ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಹೆಚ್ಚಿನ ಗಾಡಿಗಳಿಗೆ ಇದು 50ರಿಂದ 100 ಕೆಜಿ ಒಳಗೇ ಇರುತ್ತದೆ. ತುಂಬಾ ಜನ ಮರೆಯುವುದು ಏನೆಂದರೆ, ಆ ಲೆಕ್ಕದಲ್ಲಿ ಕ್ಯಾರಿಯರಿನ ತೂಕವೂ ಸೇರಿದೆ. ಮತ್ತೆ ಅದು ಡಾಂಬರು ರಸ್ತೆಯ ಲೆಕ್ಕ. ಕಚ್ಚಾ ರಸ್ತೆಗೆ ಹೋಗುವುದಾದರೆ ಆ ಅಂಕಿಯನ್ನು ಒಂದೂವರೆಯಿಂದ ಭಾಗಿಸಿ ಅಂತ ಕ್ಯಾರಿಯರ್ ಮಾಡುವ ಕಂಪನಿಗಳೇ ಹೇಳುತ್ತವೆ. ಅಂದರೆ 100 ಇದ್ದರೆ ಸುಮಾರು 66. ಕ್ಯಾರಿಯರೇ 40 ಕೆಜಿ ಇದ್ದರೆ ನಿಮಗೆ ಉಳಿಯುವುದು 26 ಕೆಜಿ ಮಾತ್ರ.

ಈಗ ನಿಮ್ಮ ಪಟ್ಟಿ ಕೂಡಿಸಿ. ಡೀಸೆಲ್ ಲೀಟರಿಗೆ ಸುಮಾರು 0.84 ಕೆಜಿ, ಎರಡು ಕ್ಯಾನ್ ತುಂಬಿಸಿದರೆ ಕ್ಯಾನಿನ ತೂಕ ಸೇರಿ 40 ಹತ್ತಿರ. ನೀರು 20. ಸ್ಟೆಪ್ನಿ 25 ಅಂತಾದರೂ ಹಿಡಿಯಿರಿ. ಟೆಂಟು, ಹಾಸಿಗೆ, ಗ್ಯಾಸು, ಪಾತ್ರೆ ಸೇರಿದರೆ 120 ದಾಟುತ್ತದೆ, ಕ್ಯಾರಿಯರ್ ಬಿಟ್ಟು. ದೇವಿಮನೆಯಲ್ಲಿ ಗಾಡಿ ವಾಲದೆ ಏನು ಮಾಡುತ್ತದೆ ಹೇಳಿ.

ಎರಡು ಕ್ಯಾನ್ ಡೀಸೆಲ್ ಯಾಕೆ? ಮನಾಲಿಯಿಂದ ಸ್ಪಿತಿಯ ಮುಖ್ಯ ಊರು ಕಾಜಾಕ್ಕೆ ಸುಮಾರು 200 ಕಿಮೀ. ಕಾಜಾದಲ್ಲಿ ಬಂಕ್ ಇದೆ. ಮನಾಲಿಯಲ್ಲಿ ಟ್ಯಾಂಕ್ ತುಂಬಿಸಿದರೆ ಅಲ್ಲಿಗೆ ಹೋಗಿಯೂ ಉಳಿಯುತ್ತದೆ. ಧೈರ್ಯಕ್ಕೆ 10 ಲೀಟರಿನ ಒಂದು ಕ್ಯಾನ್ ಸಾಕು, ಅದನ್ನೂ ಮನಾಲಿಯಲ್ಲೇ ತುಂಬಿಸಿ. ಶಿರಸಿಯಿಂದ ಯಾಕೆ ಹೊರಬೇಕು? ಕುತ್ತಿಗೆವರೆಗೆ ತುಂಬಿಸಬೇಡಿ. ಬಿಸಿಲಿಗೆ ಡೀಸೆಲ್ ಹಿಗ್ಗುತ್ತದೆ. ಆ ದಾರಿಯಲ್ಲಿ ಹತ್ತಬೇಕಾದ ಕುಂಜುಮ್ ಲಾ ಘಟ್ಟ 4,500 ಮೀಟರಿಗಿಂತ ಎತ್ತರ, ಅಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ, ಪ್ಲಾಸ್ಟಿಕ್ ಕ್ಯಾನ್ ಬಲೂನಿನ ಹಾಗೆ ಉಬ್ಬುತ್ತದೆ.

ನನಗೆ ಆದದ್ದನ್ನೂ ಹೇಳುತ್ತೇನೆ. ಅದೇ ಮನಾಲಿ-ಕಾಜಾ ರಸ್ತೆಯಲ್ಲಿ ಗ್ರಾಂಫುವಿನಿಂದ ಬಾತಾಲ್ ಕಡೆಗೆ ಹೋಗುವ ದಾರಿ ಬರೀ ಕಲ್ಲು, ಮಧ್ಯೆ ಮಧ್ಯೆ ಹಳ್ಳ ದಾಟಬೇಕು. ಬಾತಾಲ್‌ನಲ್ಲಿ ಚಹಾಕ್ಕೆ ನಿಲ್ಲಿಸಿ ಸುಮ್ನೆ ಕ್ಯಾರಿಯರ್ ಹಿಡಿದು ಅಲ್ಲಾಡಿಸಿದೆ. ಕಟಕಟ ಅಂತ ಸದ್ದು. ನಾಲ್ಕು ಕ್ಲಾಂಪಿನಲ್ಲಿ ಎರಡರ ನಟ್ಟು ಬರಿಗೈಯಲ್ಲೇ ತಿರುಗುತ್ತಿತ್ತು. ಇನ್ನೊಂದು ಕ್ಲಾಂಪಿನ ಕೆಳಗೆ ಗಟರಿನ ಬಣ್ಣ ಎದ್ದು ಬೆಳ್ಳನೆ ತಗಡು ಕಾಣುತ್ತಿತ್ತು, ಅದರ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಮೇಲೆ ಇದ್ದದ್ದು 70 ಕೆಜಿ ಅಷ್ಟೇ. ನಿಂತ ಗಾಡಿಯ ಮೇಲೆ ಅದು 70 ಕೆಜಿ ಸರ್, ಗುಂಡಿಗೆ ಇಳಿದು ಎದ್ದಾಗಲೆಲ್ಲ ಅದರ ಹಲವು ಪಟ್ಟು ಹೊಡೆತ ಆ ಗಟರಿಗೆ ಬೀಳುತ್ತದೆ. ಅಲ್ಲೇ ಅರ್ಧ ಸಾಮಾನು ಇಳಿಸಿ ಒಳಗೆ ತುಂಬಿದೆವು, ಹೆಂಡತಿ ಕಾಜಾವರೆಗೆ ಮಡಿಲಲ್ಲಿ ಹಾಸಿಗೆ ಇಟ್ಟುಕೊಂಡೇ ಕೂತಳು.

ಯಲ್ಲಾಪುರ_ಘಟ್ಟ:

ಅಷ್ಟೊಂದು ಹೆದರಿಸಬೇಡಿ ಮಾರಾಯ್ರೆ. ನಮ್ಮ ತೋಟದ ಜೀಪಿನ ಮೇಲೆ 20 ವರ್ಷದಿಂದ ಅಡಿಕೆ ಮೂಟೆ, ಬಾಳೆಗೊನೆ, ಸೊಪ್ಪಿನ ಹೊರೆ ಎಲ್ಲಾ ಸಾಗಿಸಿದ್ದೇವೆ. 66 ಕೆಜಿ ಅಂದರೆ ಒಂದು ಮೂಟೆ ಅಷ್ಟೇ ಅಲ್ವಾ. ಗಾಡಿ ಏನೂ ಮಗುಚಲಿಲ್ಲ.

ಕಟ್ಟುವ ವಿಷಯ ಮಾತ್ರ ಹೇಳುತ್ತೇನೆ, ಅದರಲ್ಲಿ ನಿಮ್ಮದು ತಪ್ಪಿದೆ. ನೈಲಾನ್ ಹಗ್ಗ ಒದ್ದೆಯಾದರೆ ಜಗ್ಗುತ್ತದೆ, ಅದಕ್ಕೇ ಮುಷ್ಟಿ ಹೋಯಿತು. ಲಾರಿಯವರು ಬಳಸುವ, ಹಿಡಿ ಆಡಿಸಿ ಬಿಗಿಯುವ ರಾಚೆಟ್ ಬೆಲ್ಟ್ ತೆಗೆದುಕೊಳ್ಳಿ, ಪಾಲಿಯೆಸ್ಟರಿನದ್ದು. ಕೊಕ್ಕೆ ಇರುವ ರಬ್ಬರ್ ಹಗ್ಗ ಟಾರ್ಪಾಲ್ ಹಾರದ ಹಾಗೆ ಹಿಡಿಯಲಿಕ್ಕೆ ಸರಿ, ತೂಕದ ಸಾಮಾನನ್ನು ಅದರ ಮೇಲೆ ನಂಬಿ ಬಿಡಬೇಡಿ. ಒಂದೊಂದು ಸಾಮಾನಿಗೂ ಬೇರೆ ಬೆಲ್ಟ್, ಒಂದು ಹರಿದರೆ ಉಳಿದದ್ದು ನಿಲ್ಲುತ್ತದೆ. ಬರೀ ಅಡ್ಡಕ್ಕೆ ಬಿಗಿದರೆ ಸಾಲದು. ಬ್ರೇಕ್ ಹಾಕಿದಾಗ ಸಾಮಾನು ಮುಂದಕ್ಕೆ ಬರುತ್ತದೆ, ಹಾಗಾಗಿ ಹಿಂದಿನಿಂದ ಮುಂದಕ್ಕೂ ಒಂದು ಬೆಲ್ಟ್ ಬೇಕು. ಕಬ್ಬಿಣದ ಮೂಲೆಗೆ ತಾಗುವಲ್ಲಿ ಹಳೇ ಸೈಕಲ್ ಟ್ಯೂಬ್ ತುಂಡು ಮಾಡಿ ಸುತ್ತಿ, ಇಲ್ಲದಿದ್ದರೆ ಬೆಲ್ಟನ್ನು ಆ ಮೂಲೆಯೇ ಕೊಯ್ಯುತ್ತದೆ. ಬೆಲ್ಟನ್ನು ಒಂದು ಸುತ್ತು ತಿರುಚಿ ಹಾಕಿ, ಗಾಳಿಗೆ ಗುಂಯ್ ಅನ್ನುವುದಿಲ್ಲ. ಉಳಿದ ತುದಿಯನ್ನು ಗಂಟು ಹಾಕಿ ಒಳಗೆ ಸಿಕ್ಕಿಸಿ. ಹೊರಟು ಅರ್ಧ ಗಂಟೆಗೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯಬೇಕು, ಆಗ ಸಾಮಾನೆಲ್ಲ ಕೂತಿರುತ್ತದೆ.

ಕಾಳಿ_ದಡ (ಕಾರವಾರ):

ಅಣ್ಣ, ಬೆಲ್ಟಿನ ಬಗ್ಗೆ ಹೇಳಿದ್ದು ಒಂದೊಂದೂ ಸರಿ. ಮುಂದಕ್ಕೆ ಜಾರುವುದನ್ನು ನಾನು ಹೇಳಲೇ ಇಲ್ಲ.

ಆದರೆ ತೂಕದ ಮಾತಿನಲ್ಲಿ ನಾನು ಒಪ್ಪುವುದಿಲ್ಲ. ತೋಟದಿಂದ ಮನೆಗೆ ಎಷ್ಟು ದೂರ, ಎಷ್ಟು ವೇಗ? ಎರಡು ಮೂರು ಕಿಮೀ, ಮೊದಲನೇ ಗೇರಿನಲ್ಲಿ, ದಾರಿಯ ಒಂದೊಂದು ಕಲ್ಲೂ ನಿಮಗೆ ಗೊತ್ತು. ಇವರು ಹೋಗಿ ಬರುವುದು ಸಾವಿರಾರು ಕಿಮೀ. ಅದರಲ್ಲಿ ಹೆಚ್ಚಿನದು ಹೈವೇ, 80ರಲ್ಲಿ ಹೋಗುವಾಗ ಎದುರಿಗೆ ದನ ಬಂದರೆ ಫಕ್ಕನೆ ಸ್ಟೀರಿಂಗ್ ತಿರುಗಿಸಬೇಕು. ಗಾಡಿಯ ಒಟ್ಟು ತೂಕದ ನಡುಬಿಂದು ನೆಲದಿಂದ ಮುಕ್ಕಾಲು ಮೀಟರ್ ಆಸುಪಾಸು ಇರುತ್ತದೆ. ಜನ ಸೇರಿ ಎರಡು ಟನ್ ಹತ್ತಿರದ ಗಾಡಿಗೆ ಎರಡು ಮೀಟರ್ ಎತ್ತರದಲ್ಲಿ ನೂರು ಕೆಜಿ ಹೇರಿದರೆ ಆ ಬಿಂದು ಐದಾರು ಸೆಂಟಿಮೀಟರ್ ಮೇಲೇರುತ್ತದೆ. ಓದಲಿಕ್ಕೆ ಕಡಿಮೆ ಅನಿಸುತ್ತದೆ. ಆದರೆ ಒಂದು ಚಕ್ರ ಚರಂಡಿಗೆ, ಇನ್ನೊಂದು ದಿಬ್ಬಕ್ಕೆ ಹತ್ತಿ ಗಾಡಿ ಓರೆಯಾದಾಗ ಆ ನೂರು ಕೆಜಿ ಲೋಲಕದ ಹಾಗೆ ತೂಗಿ ಇಡೀ ಬಾಡಿಯನ್ನು ಅತ್ತ ಎಳೆಯುತ್ತದೆ. ಶಿರಸಿಯವರು ಬರೆದದ್ದು ಅದನ್ನೇ, ತಿರುವು ಮುಗಿದ ಮೇಲೂ ವಾಲಿಕೊಂಡೇ ಇತ್ತು ಅಂತ.

ಹೊನ್ನಾವರ_ಗಾಡಿ:

ನಾನು ಗ್ಯಾರೇಜಿನವನು, ಎರಡು ಮಾತು.

ಕರಾವಳಿಯ ಗಾಡಿಗಳಲ್ಲಿ ಕ್ಯಾರಿಯರ್ ಬಿಚ್ಚಿದಾಗ ನಾನು ನೋಡುವುದು ತುಕ್ಕು. ಉಪ್ಪು ಗಾಳಿ ಕ್ಲಾಂಪ್ ಕೆಳಗೆ ಸೇರಿ ಕೂರುತ್ತದೆ. ಹೊರಗಿಂದ ಬೋಲ್ಟ್ ಗಟ್ಟಿ ಕಾಣುತ್ತದೆ, ಸ್ಪ್ಯಾನರ್ ಹಾಕಿದರೆ ಪುಡಿ. ಹೊರಡುವ ಮೊದಲು ಒಮ್ಮೆ ಪೂರ್ತಿ ಬಿಚ್ಚಿ ಗಟರ್ ಸ್ವಚ್ಛ ಮಾಡಿ, ಕ್ಲಾಂಪಿಗೂ ಗಟರಿಗೂ ಮಧ್ಯೆ ರಬ್ಬರ್ ಇಡಿ, ಸ್ಟೇನ್‌ಲೆಸ್ ಬೋಲ್ಟಿಗೆ ನೈಲಾಕ್ ನಟ್ಟು (ಒಳಗೆ ನೈಲಾನ್ ಬಳೆ ಇರುವುದು, ಸುಲಭಕ್ಕೆ ಸಡಿಲಾಗುವುದಿಲ್ಲ) ಹಾಕಿ. ನಟ್ಟಿನಿಂದ ಕ್ಲಾಂಪಿನವರೆಗೆ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಸರಿದಿದ್ದರೆ ನಟ್ಟು ಸಡಿಲವಾಗಿದೆ ಅಂತ ಕೂಡಲೇ ಗೊತ್ತಾಗುತ್ತದೆ.

ಗ್ಯಾಸ್ ಸಿಲಿಂಡರ್ ಬಿಸಿಲಿಗೆ ಮೇಲೆ ಕಟ್ಟುವ ಯೋಚನೆಯೇ ಬೇಡ. ಮತ್ತೆ ಸಾಮಾನು ಕಟ್ಟಿದ ಮೇಲೆ ನೆಲದಿಂದ ತುದಿವರೆಗೆ ಅಳೆದು ಡ್ಯಾಶ್‌ಬೋರ್ಡಿಗೆ ಚೀಟಿ ಅಂಟಿಸಿ. ರೈಲ್ವೆ ಕೆಳಸೇತುವೆಗೆ ಕಟ್ಟಿರುವ ಕಬ್ಬಿಣದ ಅಡ್ಡಪಟ್ಟಿ, ಪೆಟ್ರೋಲ್ ಬಂಕಿನ ಶೆಡ್ಡು, ಹೋಟೆಲಿನ ಪಾರ್ಕಿಂಗ್, ಇಲ್ಲೆಲ್ಲ ಜನ ಮೇಲೆ ಸಾಮಾನಿದೆ ಎಂಬುದನ್ನೇ ಮರೆತು ನುಗ್ಗುತ್ತಾರೆ.

ಶಿರಸಿ_ಬೊಲೆರೊ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಕ್ಯಾರಿಯರ್ ಬಿಚ್ಚಿ, ಅಡಿಕೆ ತೂಗುವ ಕಾಂಟಾದ ಮೇಲೆ ಭಾವ ಮತ್ತು ನಾನು ಇಬ್ಬರೂ ಹಿಡಿದು ನಿಲ್ಲಿಸಿದೆವು. 52 ಕೆಜಿ! ಏನೂ ಹಾಕದೇ 52. ಕಾಳಿ_ದಡ ಅವರ ಲೆಕ್ಕದಂತೆ ನೂರರ ಮಿತಿ ಹಿಡಿದರೂ ನಮಗೆ ಉಳಿಯುವುದು 14 ಕೆಜಿ.

ಹಾಗಾಗಿ ಹಿಂದಿನ ಅರ್ಧ ಕತ್ತರಿಸಿ ತೆಗೆಸಿದೆ. ಕೆಳಗಿನ ಕಬ್ಬಿಣದ ಜಾಲರಿಯನ್ನೂ ತೆಗೆಸಿ ಮೂರು ಅಡ್ಡ ಪೈಪ್ ಮಾತ್ರ ಉಳಿಸಿಕೊಂಡೆವು. ಈಗ 23 ಕೆಜಿ. ಮೇಲೆ ಟೆಂಟು, ಹಾಸಿಗೆ, ಬೆಚ್ಚನೆ ಬಟ್ಟೆಯ ಚೀಲ, ಒಟ್ಟು 30 ಕೆಜಿ ದಾಟುವುದಿಲ್ಲ. ನೀರು ಮತ್ತು ಪಾತ್ರೆ ಪೆಟ್ಟಿಗೆ ಹಿಂದಿನ ಸೀಟಿನ ಬೆನ್ನಿಗೆ ತಾಗಿಸಿ ನೆಲದ ಮೇಲೆ ಇಟ್ಟು ಬೆಲ್ಟ್ ಬಿಗಿದಿದ್ದೇವೆ. ಎರಡನೇ ಸ್ಟೆಪ್ನಿ ಬಿಟ್ಟೆವು, ಪಂಕ್ಚರ್ ಕಿಟ್ ಮತ್ತು ಗಾಳಿ ತುಂಬುವ ಪಂಪ್ ಸಾಕು ಅಂತ ತೀರ್ಮಾನ. ಗ್ಯಾಸ್ ಬೇಡ, ದಾರಿಯ ಢಾಬಾಗಳಲ್ಲಿ ಊಟ. ಭಾವನ ಮಗನಿಗೆ ಕಾಲು ಚಾಚಲು ಜಾಗ ಕಡಿಮೆಯಾಯಿತು, ಅವನು ಒಪ್ಪಿದ್ದಾನೆ.

ಇವತ್ತು ಬೆಳಿಗ್ಗೆ ಮತ್ತೆ ದೇವಿಮನೆ ಇಳಿದು ಹತ್ತಿ ಬಂದೆವು. ಅದೇ ತಿರುವಿನಲ್ಲಿ ಹೆಂಡತಿ ಮೇಲಿನ ಹಿಡಿಕೆ ಹಿಡಿಯಲಿಲ್ಲ. ಪೇಂಟಿನ ಗೆರೆ ಆರು ನಟ್ಟಿನಲ್ಲೂ ಇದ್ದಲ್ಲೇ ಇದೆ. ಬೆಲ್ಟ್ ಒಂದು ಮಾತ್ರ ಅರ್ಧ ಬೆರಳಿನಷ್ಟು ಸಡಿಲವಾಗಿತ್ತು, ಕುಮಟಾದಲ್ಲಿ ಬಿಗಿದೆ.