ಮೂರು ಬಿಲ್ ಕಟ್ಟಿದರೂ ಕಾರಿನ ಬ್ಯಾಟರಿ ಇಳಿಯುವುದು ನಿಂತಿಲ್ಲ. ಗ್ಯಾರೇಜಿನವರು ಕಾರನ್ನು ಬಿಡುತ್ತಿಲ್ಲ

ಪ್ರಶ್ನೆ (ಕುಂದಾಪುರದಿಂದ)

ಎಲ್ಲರಿಗೂ ನಮಸ್ಕಾರ. ಕಳೆದ ಜನವರಿಯಲ್ಲಿ 2016ರ ಮಾದರಿಯ ಡೀಸೆಲ್ ಕಾರೊಂದನ್ನು ಹಳೆಯ ಕಾರುಗಳ ವ್ಯಾಪಾರಿಯೊಬ್ಬರಿಂದ ಕೊಂಡೆ. ಮಳೆಗಾಲ ಹಿಡಿಯುವವರೆಗೂ ಅದು ಯಾವ ತಕರಾರೂ ಇಲ್ಲದೆ ಓಡಿತು. ಜೂನ್ ಕೊನೆಯ ವಾರದಿಂದ, ಎರಡು ಮೂರು ದಿನ ನಿಲ್ಲಿಸಿಟ್ಟ ಮೇಲೆ ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದು ಬಿಟ್ಟು ಬೇರೇನೂ ಆಗುತ್ತಿರಲಿಲ್ಲ. ಪ್ರತಿದಿನ ಓಡಿಸಿದರೆ ತೊಂದರೆ ಕಾಣದು, ಶನಿವಾರ ಭಾನುವಾರ ನಿಂತರೆ ಸೋಮವಾರ ಬ್ಯಾಟರಿ ಖಾಲಿ.

ಊರಿನಲ್ಲಿ ಒಳ್ಳೆಯ ಹೆಸರಿರುವ ಗ್ಯಾರೇಜೊಂದಕ್ಕೆ ಕೊಟ್ಟೆ. ಜುಲೈಯಲ್ಲಿ ಬ್ಯಾಟರಿ ಹಳೆಯದಾಗಿದೆ ಎಂದು ಹೊಸದನ್ನು ಹಾಕಿ 6,400 ರೂಪಾಯಿ ಪಡೆದರು. ಆಗಸ್ಟ್‌ನಲ್ಲಿ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿಯನ್ನು ತುಂಬಿಸುವ ಯಂತ್ರ) ಸರಿಯಾಗಿ ಚಾರ್ಜ್ ಮಾಡುತ್ತಿಲ್ಲವೆಂದು ಅದನ್ನೂ ಬದಲಿಸಿದರು, 15,800 ರೂಪಾಯಿ. ಸೆಪ್ಟೆಂಬರ್‌ನಲ್ಲಿ ಡ್ಯಾಶ್‌ಬೋರ್ಡ್ ಕೆಳಗಿನ ಬಾಡಿ ಕಂಟ್ರೋಲ್ ಮಾಡ್ಯೂಲ್ (ದೀಪ, ಬಾಗಿಲಿನ ಲಾಕ್ ಮುಂತಾದವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕೆಟ್ಟಿದೆ ಎಂದು ಬದಲಿಸಿ 21,500 ರೂಪಾಯಿಗಳ ಬಿಲ್ ಕೊಟ್ಟರು. ಅದರಲ್ಲಿ 13,500 ಕಟ್ಟಿದೆ, ಉಳಿದ 8,000ವನ್ನು ಮುಂದಿನ ತಿಂಗಳು ಕೊಡಿ ಎಂದು ಅವರೇ ಹೇಳಿ ಕಾರು ಕೊಟ್ಟರು. ಐದನೆಯ ದಿನ ಕಾರು ಮತ್ತೆ ಸತ್ತು, ಟೋಯಿಂಗ್ ವಾಹನದಲ್ಲಿ ಅದೇ ಗ್ಯಾರೇಜು ಸೇರಿತು. ಈಗ ವೈರಿಂಗ್ ಹಾರ್ನೆಸ್ (ಕಾರಿನ ತಂತಿಗಳ ಕಟ್ಟು) ಬದಲಿಸಬೇಕು, ಇನ್ನೂ 18,000 ಆಗುತ್ತದೆ ಎನ್ನುತ್ತಿದ್ದಾರೆ. ಬೇಡವೆಂದರೆ, ಹಳೆಯ ಬಾಕಿ 8,000 ಮತ್ತು ಈ ಬಾರಿ ತಪಾಸಣೆ ಮಾಡಿದ್ದಕ್ಕೆ 1,500 ಕೊಡದೆ ಕಾರನ್ನು ಹೊರಗೆ ಬಿಡುವುದಿಲ್ಲವಂತೆ. ತೆಗೆದ ಹಳೆಯ ಭಾಗಗಳನ್ನು ಕೇಳಿದಾಗ ಸರಿಯಾದ ಉತ್ತರ ಸಿಗಲಿಲ್ಲ.

ಕೆಲಸಕ್ಕೆ ಹಣ ಕೊಡಬಾರದೆಂಬ ಮನಸ್ಸು ನನಗಿಲ್ಲ. ಆದರೆ ದೋಷ ಇದ್ದಲ್ಲೇ ಇರುವಾಗ ಊಹೆಗೊಂದು ಬಿಲ್ ಕಟ್ಟುತ್ತಾ ಹೋಗುವುದು ನ್ಯಾಯವೇ? ಅವರು ಕಾರನ್ನು ಹೀಗೆ ಹಿಡಿದಿಟ್ಟುಕೊಳ್ಳಬಹುದೇ?

ಉತ್ತರ 1 (ಹುಬ್ಬಳ್ಳಿಯ ಆಟೋ ಎಲೆಕ್ಟ್ರಿಷಿಯನ್)

ನೀವು ಹೇಳುವ ಲಕ್ಷಣ ಕಾರು ನಿಂತಿರುವಾಗ ಕರೆಂಟ್ ಸೋರುವುದರ ಲಕ್ಷಣ. ಬೀಗ ಹಾಕಿ ನಿಲ್ಲಿಸಿದ ಕಾರು ಗಡಿಯಾರ, ಅಲಾರಂ ಮುಂತಾದವುಗಳಿಗಾಗಿ ಸಾಮಾನ್ಯವಾಗಿ 20ರಿಂದ 50 ಮಿಲಿ ಆಂಪಿಯರ್ ಎಳೆಯುತ್ತದೆ, ಅದು ಸಹಜ. ಆ ಲೆಕ್ಕದಲ್ಲಿ 60 ಆಂಪಿಯರ್ ಅವರ್‌ನ (ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಬ್ಯಾಟರಿ ದಿನಕ್ಕೆ ಒಂದು ಆಂಪಿಯರ್ ಅವರ್‌ನಷ್ಟು ಮಾತ್ರ ಕಳೆದುಕೊಳ್ಳುವುದರಿಂದ ವಾರಗಟ್ಟಲೆ ತಾಳುತ್ತದೆ. ಅದೇ ಸೋರಿಕೆ 600 ಮಿಲಿ ಆಂಪಿಯರ್‌ಗೆ ಏರಿತೆಂದರೆ ದಿನಕ್ಕೆ 14 ಆಂಪಿಯರ್ ಅವರ್‌ಗಿಂತ ಹೆಚ್ಚು, ಮೂರು ದಿನಕ್ಕೆ 43 ಹೋಗುತ್ತದೆ. ಉಳಿದದ್ದರಲ್ಲಿ ಡೀಸೆಲ್ ಎಂಜಿನ್ ತಿರುಗುವುದಿಲ್ಲ. ನಿಮ್ಮ ಸೋಮವಾರದ ತೊಂದರೆಗೆ ಈ ಲೆಕ್ಕ ಹೊಂದುತ್ತದೆ.

ಇದನ್ನು ಕಂಡುಹಿಡಿಯುವ ಕ್ರಮ ಕಷ್ಟದ್ದಲ್ಲ, ತಾಳ್ಮೆ ಬೇಡುವಂಥದ್ದು. ಬ್ಯಾಟರಿಯ ನೆಗೆಟಿವ್ ತಂತಿಗೆ ಮೀಟರ್ ಜೋಡಿಸಿ, ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಬಾಗಿಲು ಮುಚ್ಚಿದೆಯೆಂದು ಕಾರನ್ನು ನಂಬಿಸಿ, ಮಾಡ್ಯೂಲುಗಳೆಲ್ಲ ನಿದ್ರೆಗೆ ಜಾರುವವರೆಗೆ ಅರ್ಧ ಗಂಟೆಯಾದರೂ ಕಾಯಬೇಕು. ಆಮೇಲೆ ಫ್ಯೂಸುಗಳನ್ನು ಕೀಳದೆ, ಪ್ರತಿ ಫ್ಯೂಸಿನ ತಲೆಯ ಮೇಲಿರುವ ಎರಡು ಚುಕ್ಕೆಗಳ ನಡುವೆ ಎಷ್ಟು ಮಿಲಿವೋಲ್ಟ್ ಇದೆಯೆಂದು ನೋಡಿದರೆ ಕರೆಂಟು ಯಾವ ದಾರಿಯಲ್ಲಿ ಹರಿಯುತ್ತಿದೆ ಎಂಬುದು ಗೊತ್ತಾಗುತ್ತದೆ. ಫ್ಯೂಸ್ ಕಿತ್ತು ಹಾಕಿದರೆ ಮಲಗಿದ ಮಾಡ್ಯೂಲು ಎದ್ದು ಕೂರುತ್ತದೆ, ಲೆಕ್ಕ ತಪ್ಪುತ್ತದೆ. ಅವಸರದಲ್ಲಿ ಬಹಳ ಜನ ಎಡವುವುದು ಇಲ್ಲೇ.

ಆಲ್ಟರ್ನೇಟರ್ ಬದಲಿಸಿದ್ದನ್ನು ನಾನು ಪೂರ್ತಿ ತಪ್ಪೆನ್ನುವುದಿಲ್ಲ, ಏಕೆಂದರೆ ಅದರೊಳಗಿನ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಸೋರಿದರೂ ರಾತ್ರಿಯಲ್ಲಿ ಬ್ಯಾಟರಿ ಇಳಿಯುತ್ತದೆ. ಆದರೆ ಹಾಗೆನ್ನುವ ಮೊದಲು ಅದರ ದಪ್ಪ ತಂತಿಯನ್ನು ಬಿಚ್ಚಿ ಸೋರಿಕೆ ನಿಂತಿತೇ ಎಂದು ನೋಡಬೇಕು, ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಬರುತ್ತಿದೆಯೇ ಎಂದೂ ನೋಡಬೇಕು. ಎರಡೂ ಹತ್ತು ನಿಮಿಷದ ಕೆಲಸ. ಆದ್ದರಿಂದ ಮೂರೂ ಬಿಲ್ಲುಗಳ ಬಗ್ಗೆ ಒಂದೇ ಪ್ರಶ್ನೆ ಕೇಳಿ: ಭಾಗ ತೆಗೆಯುವ ಮೊದಲು ಸೋರಿಕೆ ಎಷ್ಟಿತ್ತು, ಹೊಸದನ್ನು ಹಾಕಿದ ಮೇಲೆ ಎಷ್ಟಾಯಿತು? ಅಳತೆ ಬರೆದಿಟ್ಟ ಗ್ಯಾರೇಜು ತಕ್ಷಣ ತೋರಿಸುತ್ತದೆ. ಬರೆದಿಟ್ಟಿಲ್ಲವಾದರೆ ಅವರು ನಿಮ್ಮ ಹಣದಲ್ಲಿ ಊಹೆಯನ್ನು ಪರೀಕ್ಷಿಸಿದ್ದಾರೆ ಎಂದೇ ಅರ್ಥ.

ನಮ್ಮ ವೃತ್ತಿಯವರ ಪರವಾಗಿಯೂ ಒಂದು ಮಾತು. ಎರಡು ಗಂಟೆ ಮೀಟರ್ ಹಿಡಿದು ಕುಳಿತು, ಕೊನೆಗೆ ಒಂದು ಕನೆಕ್ಟರನ್ನು ಸ್ವಚ್ಛ ಮಾಡಿ 1,500 ಕೇಳಿದರೆ, ಏನೂ ಹಾಕಲಿಲ್ಲವಲ್ಲ, ಯಾಕೆ ಇಷ್ಟು ಎಂದು ಗ್ರಾಹಕರು ಜಗಳಕ್ಕೆ ನಿಲ್ಲುತ್ತಾರೆ. ಭಾಗ ಬದಲಿಸಿದರೆ ಮಾತ್ರ ಹಣ ಸಿಗುತ್ತದೆ ಎಂಬ ಪರಿಸ್ಥಿತಿಯಲ್ಲಿ ಭಾಗ ಬದಲಿಸುವ ಅಭ್ಯಾಸ ಬೆಳೆದಿದೆ. ಹುಡುಕುವ ಸಮಯಕ್ಕೆ ಹಣ ಕೊಡುತ್ತೇನೆ ಎಂದು ನೀವು ಮೊದಲೇ ಹೇಳಿದರೆ ಪ್ರಾಮಾಣಿಕ ಕೆಲಸಗಾರ ನಿಮಗಾಗಿ ಹುಡುಕುತ್ತಾನೆ. ಯಾವುದೇ ಅಳತೆಯಿಲ್ಲದೆ ಇಡೀ ಹಾರ್ನೆಸ್ ಬದಲಿಸಲು ಮಾತ್ರ ಒಪ್ಪಬೇಡಿ.

ಉತ್ತರ 2 (ವಕೀಲರು, ಗ್ರಾಹಕ ವ್ಯಾಜ್ಯಗಳಲ್ಲಿ ಅನುಭವವುಳ್ಳವರು)

ಕಾರನ್ನು ಹಿಡಿದಿಟ್ಟುಕೊಳ್ಳುವ ವಿಚಾರ ಮೊದಲು. 1872ರ ಭಾರತೀಯ ಒಪ್ಪಂದ ಕಾಯ್ದೆಯ 170ನೆಯ ಕಲಮಿನ ಪ್ರಕಾರ, ವಸ್ತುವೊಂದರ ಮೇಲೆ ಶ್ರಮ ಅಥವಾ ಕೌಶಲ ವ್ಯಯಿಸಿದವನು, ಆ ಕೆಲಸದ ಕೂಲಿ ಬರುವವರೆಗೆ ಆ ವಸ್ತುವನ್ನು ತನ್ನಲ್ಲಿ ಇಟ್ಟುಕೊಳ್ಳಬಹುದು. ಕಾಯ್ದೆಯೇ ಕೊಡುವ ಉದಾಹರಣೆಗಳು ನಿಮ್ಮ ಪ್ರಕರಣಕ್ಕೆ ಚೆನ್ನಾಗಿ ಒಪ್ಪುತ್ತವೆ: ಒರಟು ವಜ್ರವನ್ನು ಕತ್ತರಿಸಿ ಹೊಳಪು ಕೊಟ್ಟ ಆಭರಣ ವ್ಯಾಪಾರಿ ಹಣ ಬರುವವರೆಗೆ ವಜ್ರವನ್ನು ಇಟ್ಟುಕೊಳ್ಳಬಹುದು, ಆದರೆ ಕೋಟು ಹೊಲಿದ ಕೂಡಲೇ ಕೊಡುವುದಾಗಿ ಮಾತುಕೊಟ್ಟು, ಹಣ ಕೊಡಲು ಗ್ರಾಹಕನಿಗೆ ಮೂರು ತಿಂಗಳ ಗಡುವು ಒಪ್ಪಿಕೊಂಡ ದರ್ಜಿ ಕೋಟನ್ನು ಹಿಡಿದಿಡುವಂತಿಲ್ಲ. ಸೆಪ್ಟೆಂಬರ್‌ನಲ್ಲಿ 8,000ವನ್ನು ಆಮೇಲೆ ಕೊಡಿ ಎಂದು ಒಪ್ಪಿ ಕಾರನ್ನು ನಿಮ್ಮ ಕೈಗೆ ಕೊಟ್ಟಾಗ ನಿಮ್ಮ ಗ್ಯಾರೇಜು ಆ ದರ್ಜಿಯ ಸ್ಥಾನಕ್ಕೆ ಬಂತು. ಹಳೆಯ ಬಾಕಿಗಾಗಿ ಇಂದಿನ ವಸ್ತುವನ್ನು ಹಿಡಿಯುವ ಸಾಮಾನ್ಯ ಹಕ್ಕನ್ನು 171ನೆಯ ಕಲಮು ಬ್ಯಾಂಕುಗಳು ಮುಂತಾದ ಕೆಲವರಿಗಷ್ಟೇ ಕೊಟ್ಟಿದೆ. ಉಳಿದವರಿಗೆ ಸ್ಪಷ್ಟ ಒಪ್ಪಂದ ಬೇಕು. ಹಾಗಾಗಿ ಇಂದಿನ ತಪಾಸಣೆಯ 1,500ಕ್ಕೆ ಅವರು ಕಾರನ್ನು ಹಿಡಿಯಬಹುದು, ಹಿಂದಿನ 8,000ಕ್ಕೆ ಹಿಡಿಯುವುದು ಕಷ್ಟ. ನೀವು ಸಹಿ ಮಾಡಿದ ಜಾಬ್ ಕಾರ್ಡಿನ (ಕಾರು ಒಪ್ಪಿಸುವಾಗ ಗ್ಯಾರೇಜು ಬರೆಯುವ ಚೀಟಿ) ಹಿಂಬದಿಯನ್ನು ಮಾತ್ರ ಓದಿ ನೋಡಿ. ಎಲ್ಲ ಬಾಕಿ ತೀರದೆ ವಾಹನ ಕೊಡಲಾಗದು ಎಂಬ ಸಾಲು ಅಲ್ಲಿದ್ದರೆ ಅವರ ವಾದಕ್ಕೆ ಬಲ ಬರುತ್ತದೆ.

ಅವರು ಒಪ್ಪದಿದ್ದರೆ ಪೊಲೀಸ್ ಠಾಣೆಗೆ ಅಲೆಯಬೇಡಿ, ಇದು ಸಿವಿಲ್ ವ್ಯಾಜ್ಯ ಎಂದು ಹೇಳಿ ಕಳಿಸುತ್ತಾರೆ. ಕೇಳಿದ ಹಣವನ್ನು ಬ್ಯಾಂಕ್ ಮೂಲಕ ಕಟ್ಟಿ, ಅದೇ ದಿನ ಇಮೇಲ್ ಅಥವಾ ವಾಟ್ಸಾಪ್‌ನಲ್ಲಿ, ಈ ಹಣವನ್ನು ಕಾರು ಬಿಡಿಸಿಕೊಳ್ಳಲು ಮಾತ್ರ, ನನ್ನ ಆಕ್ಷೇಪಣೆಯನ್ನು ಕಾಯ್ದಿರಿಸಿಕೊಂಡು ಕಟ್ಟುತ್ತಿದ್ದೇನೆ ಎಂದು ಬರೆದು ಕಳಿಸಿ. ನಗದು ಬೇಡ. ಹಣ ಕಟ್ಟಿದ ಮಾತ್ರಕ್ಕೆ ಬಿಲ್ಲನ್ನು ಒಪ್ಪಿಕೊಂಡಂತೆ ಆಗದಿರಲು ಈ ಒಂದು ಸಾಲು ಬೇಕು.

ಅನಂತರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ರಿಪೇರಿ ಒಂದು ಸೇವೆ, ಅದರಲ್ಲಿನ ಕೊರತೆಗೆ ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಉಡುಪಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ನಿಮ್ಮಷ್ಟು ಮೊತ್ತಕ್ಕೆ ಶುಲ್ಕವಿಲ್ಲ, 5 ಲಕ್ಷದವರೆಗೆ ಅದು ಶೂನ್ಯ. ವಕೀಲರಿಲ್ಲದೆ ಸ್ವತಃ ವಾದಿಸಬಹುದು, ಕಾಲಮಿತಿ ಎರಡು ವರ್ಷ. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ದಾಖಲಿಸಿದರೆ ಕೆಲವು ಪ್ರಕರಣಗಳು ಅಲ್ಲೇ ಬಗೆಹರಿಯುತ್ತವೆ. ಆದರೆ ದೋಷ ಇನ್ನೂ ಇದೆ ಎಂಬುದಷ್ಟೇ ಆಯೋಗಕ್ಕೆ ಸಾಲದು. ಬದಲಿಸಿದ ಭಾಗ ಕೆಟ್ಟಿರಲಿಲ್ಲ, ಅಥವಾ ಅದನ್ನು ಬದಲಿಸುವ ಮೊದಲು ಮಾಡಲೇಬೇಕಾದ ಪರೀಕ್ಷೆ ಮಾಡಲಿಲ್ಲ ಎಂದು ತೋರಿಸುವ ಇನ್ನೊಬ್ಬ ತಜ್ಞರ ಲಿಖಿತ ವರದಿ ಬೇಕು. ನಿಜವಾದ ದೋಷವನ್ನು ಬೇರೆಯವರಿಂದ ಸರಿಪಡಿಸಿಕೊಳ್ಳುವಾಗ ಫೋಟೊ ಮತ್ತು ಅಳತೆಗಳನ್ನು ಉಳಿಸಿಕೊಳ್ಳದಿದ್ದರೆ, ಕಾರು ಸರಿಯಾಗುವ ಹೊತ್ತಿಗೆ ನಿಮ್ಮ ಸಾಕ್ಷ್ಯ ಅಳಿಸಿಹೋಗಿರುತ್ತದೆ.

ಉತ್ತರ 3 (ಶಿರಸಿಯಿಂದ)

ಮಳೆಗಾಲದಲ್ಲಿ ಶುರುವಾಯಿತು ಎಂದಿರಿ. ದಯವಿಟ್ಟು ಮುಂದಿನ ಗಾಜಿನ ಕೆಳಗೆ, ವೈಪರ್ ಇರುವ ತೊಟ್ಟಿಯಲ್ಲಿ ನೀರು ಹೋಗುವ ರಂಧ್ರ ನೋಡಿ. ನಮ್ಮ ಕಾರು ಹಲಸಿನ ಮರದ ಕೆಳಗೆ ನಿಲ್ಲುತ್ತಿತ್ತು. ಎಲೆ ಕೊಳೆತು ರಂಧ್ರ ಮುಚ್ಚಿ, ನೀರು ಕಾರಿನೊಳಗೆ ಇಳಿದು, ಎಡಗಾಲಿನ ಬಳಿಯ ಮ್ಯಾಟ್ ಅಡಿಯಲ್ಲಿ ಸ್ಪಂಜು ನೆನೆದಿತ್ತು. ಮ್ಯಾಟ್ ಎತ್ತಿ ಕೈಯಿಂದ ಒತ್ತಿ ನೋಡುವುದಕ್ಕೆ ಯಾವ ಮೀಟರೂ ಬೇಕಿಲ್ಲ.

ಉತ್ತರ 4 (ಗ್ಯಾರೇಜ್ ನಡೆಸುವವರು, ಹಾಸನ)

ಎಲ್ಲ ಹಣವನ್ನೂ ವಾಪಸ್ ಕೇಳಬೇಡಿ ಎಂದು ನನ್ನ ಸಲಹೆ. ಬ್ಯಾಟರಿ ಹಲವು ಸಲ ಪೂರ್ತಿ ಇಳಿದರೆ ಒಳಗೆ ಹಾಳಾಗುತ್ತದೆ, ಹಳೆಯದನ್ನು ಹೇಗೂ ಬದಲಿಸಬೇಕಾಗಿತ್ತೇನೋ. ಹೊಸದನ್ನು ನೀವು ಬಳಸುತ್ತಲೇ ಇದ್ದೀರಿ. ಯಾವ ಭಾಗದ ಬಗ್ಗೆ ನಿಮ್ಮ ಕೈಯಲ್ಲಿ ಖಚಿತ ಆಧಾರವಿದೆಯೋ ಅದರ ಮೇಲೆ ಮಾತ್ರ ಹಿಡಿದು ನಿಂತರೆ ಎದುರಿನವರೂ ಮಾತಿಗೆ ಬರುತ್ತಾರೆ.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಮೂರು ವಾರಗಳಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ, ಇದೇ ತೊಂದರೆಯಲ್ಲಿರುವ ಇನ್ನೊಬ್ಬರಿಗೆ ಉಪಯೋಗವಾದೀತು.

ಜಾಬ್ ಕಾರ್ಡಿನ ಹಿಂಬದಿಯಲ್ಲಿ ವಕೀಲರು ಹೇಳಿದ ಸಾಲು ಇತ್ತು, ಕೆಳಗೆ ನನ್ನ ಸಹಿಯೂ ಇತ್ತು. ಆದ್ದರಿಂದ 9,500 ರೂಪಾಯಿಗಳನ್ನು ಆಕ್ಷೇಪಣೆಯ ಸಂದೇಶದೊಂದಿಗೆ ಬ್ಯಾಂಕ್ ಮೂಲಕ ಕಟ್ಟಿ ಕಾರು ಬಿಡಿಸಿಕೊಂಡೆ. ಹಳೆಯ ಭಾಗಗಳನ್ನು ಲಿಖಿತವಾಗಿ ಕೇಳಿದ ಮೇಲೆ ಮಾಡ್ಯೂಲನ್ನು ಕಪಾಟಿನಿಂದ ತೆಗೆದುಕೊಟ್ಟರು. ಆಲ್ಟರ್ನೇಟರ್ ಗುಜರಿಗೆ ಹೋಗಿದೆಯಂತೆ. ಮೊದಲು ಅಳತೆ ಮಾಡಿದ ದಾಖಲೆ ಯಾವುದಕ್ಕೂ ಇರಲಿಲ್ಲ.

ಬೇರೊಬ್ಬ ಎಲೆಕ್ಟ್ರಿಷಿಯನ್ ನನ್ನೆದುರೇ ಅಳೆದಾಗ ಸೋರಿಕೆ 0.58 ಆಂಪಿಯರ್, ಅಂದರೆ 580 ಮಿಲಿ ಆಂಪಿಯರ್ ಇತ್ತು. ಫ್ಯೂಸುಗಳ ಮೇಲೆ ನೋಡುತ್ತಾ ಹೋದಾಗ ಬಾಗಿಲುಗಳ ಲಾಕಿಂಗ್ ಸರ್ಕ್ಯೂಟಿಗೆ ಬಂದು ನಿಂತೆವು. ಎಡಬದಿಯ ಮ್ಯಾಟ್ ಎತ್ತಿದರೆ, ಶಿರಸಿಯವರು ಹೇಳಿದ ಹಾಗೆಯೇ, ಸ್ಪಂಜು ನೆನೆದು ಮುದ್ದೆಯಾಗಿತ್ತು. ಅದರ ಮೇಲಿನ ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟಿದ್ದವು. ಪಿನ್ನುಗಳನ್ನು ಬದಲಿಸಿ, ಎಲೆ ತುಂಬಿದ ರಂಧ್ರ ಬಿಡಿಸಿ, ಹಳೆಯ ಮಾಡ್ಯೂಲನ್ನೇ ಮತ್ತೆ ಜೋಡಿಸಿ ಅಳೆದಾಗ 0.03 ಆಂಪಿಯರ್, ಅಂದರೆ 30 ಮಿಲಿ ಆಂಪಿಯರ್ ಬಂತು. ಒಟ್ಟು ಖರ್ಚು 2,200 ರೂಪಾಯಿ, ಅದರಲ್ಲಿ 1,500 ಹುಡುಕಿದ್ದಕ್ಕೆ. ಈ ಅಳತೆಗಳ ಫೋಟೊ ತೆಗೆದು, ಅವರಿಂದ ಸಹಿ ಮಾಡಿದ ವರದಿ ಪಡೆದಿದ್ದೇನೆ.

ಹಾಸನದವರ ಮಾತು ಸರಿಯೆನಿಸಿತು. ಬ್ಯಾಟರಿಯ ಹಣ ಕೇಳಿಲ್ಲ, ಆಲ್ಟರ್ನೇಟರ್ ಬಗ್ಗೆ ನನ್ನಲ್ಲಿ ಆಧಾರವಿಲ್ಲದ್ದರಿಂದ ಅದನ್ನೂ ಬಿಟ್ಟಿದ್ದೇನೆ. ಹೊಸ ಮಾಡ್ಯೂಲನ್ನು ಹಿಂದಿರುಗಿಸುತ್ತೇನೆ, ಅದರ ಬಿಲ್ಲಿನ 21,500 ರೂಪಾಯಿಗಳನ್ನು ಹದಿನೈದು ದಿನಗಳೊಳಗೆ ಕೊಡಿ ಎಂದು ವರದಿಯ ಪ್ರತಿಯೊಂದಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿದ್ದೇನೆ. ಇವತ್ತಿಗೆ ಒಂಬತ್ತು ದಿನ. ನಿನ್ನೆ ಸಂಜೆ ಗ್ಯಾರೇಜಿನವರು ಫೋನ್ ಮಾಡಿ, ಮಾಡ್ಯೂಲ್ ತಂದುಕೊಟ್ಟರೆ 12,000 ಕೊಡುವುದಾಗಿ ಹೇಳಿದರು. ಅದನ್ನು ಬರೆದು ಕಳಿಸಿ, ಉಳಿದ ಮೊತ್ತವನ್ನು ಏಕೆ ಕೊಡಲಾಗದು ಎಂಬುದನ್ನೂ ತಿಳಿಸಿ ಎಂದಿದ್ದೇನೆ.