ಅಪ್‌ಡೇಟ್: ದೇವರಾಜ ಮಾರುಕಟ್ಟೆಯವರ ಭಾವಚಿತ್ರ ಪ್ರದರ್ಶನ ಮುಗಿಯಿತು

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವು, ವೀಳ್ಯದೆಲೆ ಮಾರುವವರನ್ನು ಇದ್ದಿಲಿನಲ್ಲಿ ಬಿಡಿಸಿದ್ದೇನೆ, ಪ್ರದರ್ಶನದ ಹಣ ಇಲ್ಲಿನ ವೃದ್ಧಾಶ್ರಮವೊಂದಕ್ಕೆ ಹೋಗಬೇಕು, ಚಿತ್ರ ಅಳಿಸದಂತೆ ಏನು ಮಾಡಲಿ, ಲೆಕ್ಕ ಹೇಗಿಡಲಿ ಎಂದು ಕೇಳಿದ್ದೆ. ಭಾನುವಾರ ಮುಗಿಯಿತು.

ಇದ್ದಿಲು ಉದುರದಂತೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಒಮ್ಮೆಲೇ ದಪ್ಪಗೆ ಬೇಡ, ತೆಳುವಾಗಿ ಎರಡು ಮೂರು ಸಲ ಹೊಡೆಯಿರಿ; ಗಾಜು ಕಾಗದಕ್ಕೆ ತಾಗದಂತೆ ನಡುವೆ ಮೌಂಟ್ (ದಪ್ಪ ರಟ್ಟಿನ ಅಂಚು) ಹಾಕಿಸಿ ಅಂದಿದ್ದಿರಿ. ಹಾಗೇ ಮಾಡಿದೆ, ಒಂದೂ ಕೆಡಲಿಲ್ಲ. ಹಣ ನನ್ನ ಖಾತೆಗೆ ಬಾರದೆ ನೇರ ಆಶ್ರಮದ ಕ್ಯೂಆರ್ ಕೋಡ್‌ಗೆ ಹೋಯಿತು. ಚಿತ್ರ ಕೊಳ್ಳದೆ ಬರೀ ದೇಣಿಗೆ ಕೊಟ್ಟವರಿಗೆ ಆಶ್ರಮದವರೇ ರಸೀದಿ ಬರೆದರು. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ದೇಣಿಗೆಗಿರುವ ಆದಾಯ ತೆರಿಗೆ ವಿನಾಯಿತಿ (80ಜಿ) ಸಿಗುವುದಿಲ್ಲ ಎಂಬ ನಿಮ್ಮ ಮಾತು ಬಹಳ ಉಪಯೋಗಕ್ಕೆ ಬಂತು.

ಹದಿನೆಂಟರಲ್ಲಿ ಹದಿನೇಳು ಚಿತ್ರ ಮಾರಾಟವಾದವು. ಉಳಿದದ್ದು ವೀಳ್ಯದೆಲೆ ಅಜ್ಜಿಯದು. ಅಂಗಡಿ ಮುಚ್ಚಿ ಸಂಜೆ ಬಂದ ಅಜ್ಜಿ ಅದರ ಮುಂದೆ ಬಹಳ ಹೊತ್ತು ನಿಂತರು. "ನಮ್ಮನೇಲಿ ನಂದೊಂದು ಫೋಟೋನೂ ಇಲ್ಲ ಕಣಪ್ಪ" ಅಂದರು. ಬೆಲೆಯ ಚೀಟಿ ಕಿತ್ತು, ಆ ದುಡ್ಡು ನಾನೇ ಆಶ್ರಮಕ್ಕೆ ಹಾಕಿದೆ. ಆಟೋದಲ್ಲಿ ಅಜ್ಜಿ ಚಿತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದರು.