ಮೊಣಕಾಲು ನೋವಿದ್ದವರು ಹಿಮಪರ್ವತದ ಹುಲ್ಲುಗಾವಲಿಗೆ ಹೋಗಬಹುದೇ?

ಪ್ರಶ್ನೆ (ನಿವೃತ್ತ ಅಧ್ಯಾಪಿಕೆ, ಬದಿಯಡ್ಕ):

ನಮಸ್ಕಾರ ಸರ್. ಮಗಳು ಅಮೆರಿಕದ ಸಿಯಾಟಲ್‌ನಲ್ಲಿದ್ದಾಳೆ. ಆಗಸ್ಟ್‌ನಲ್ಲಿ ನಾವಿಬ್ಬರೂ ಹೋಗುವವರಿದ್ದೇವೆ. ಅಲ್ಲಿ ಮೌಂಟ್ ರೇನಿಯರ್ ಎಂಬ ಹಿಮದ ಪರ್ವತ ಉಂಟಂತೆ. ಅದರ ಮಗ್ಗುಲಿನ ಪ್ಯಾರಡೈಸ್ ಎಂಬ ಜಾಗದಿಂದ ಹೂವಿನ ಹುಲ್ಲುಗಾವಲಿನ ನಡುವೆ ಹೋಗುವ ಸ್ಕೈಲೈನ್ ದಾರಿಯಲ್ಲಿ ಒಂದು ದಿನ ನಡೆಯೋಣ ಎನ್ನುತ್ತಾಳೆ. ನನಗೆ 61 ವರ್ಷ, ಬಲ ಮೊಣಕಾಲು ಆಗಾಗ ನೋಯುತ್ತದೆ. ಇವರಿಗೆ 67, ಬಿ.ಪಿ. ಮಾತ್ರೆ ಉಂಟು. ನಾವು ಹತ್ತಿದ ದೊಡ್ಡ ಗುಡ್ಡವೆಂದರೆ ಪೊಸಡಿ ಗುಂಪೆ, ಅದೂ ಹತ್ತು ವರ್ಷದ ಹಿಂದೆ. ಅಷ್ಟು ಎತ್ತರದಲ್ಲಿ ಉಸಿರು ಕಟ್ಟೀತೇ? ಹೋಗಿ ಮಗಳಿಗೆ ಭಾರ ಆಗುವುದು ಬೇಡ ಎಂದು ಇವರು ಹೇಳುತ್ತಿದ್ದಾರೆ. ನೀವು ಎಂತ ಹೇಳುತ್ತೀರಿ?

ಉತ್ತರ (ಚಾರಣ ಮಾರ್ಗದರ್ಶಿ):

ಟೀಚರೇ, ಖಂಡಿತ ಹೋಗಿ. ಆದರೆ ಪೂರ್ತಿ ಸುತ್ತು ಮುಗಿಸಲೇಬೇಕೆಂಬ ಹಟ ಬೇಡ.

ಮೊದಲು ಉಸಿರಿನ ಭಯ ಬಿಡಿ. ಆ ಪರ್ವತದ ತುದಿ 4,392 ಮೀಟರ್ ಎತ್ತರದಲ್ಲಿ ಉಂಟು, ಆದರೆ ನೀವು ಅಲ್ಲಿಗೆ ಹೋಗುವುದಿಲ್ಲ. ಕಾರು ನಿಲ್ಲಿಸುವ ಪ್ಯಾರಡೈಸ್ ಸುಮಾರು 1,650 ಮೀಟರ್, ದಾರಿಯ ಮೇಲ್ಭಾಗದ ಪನೋರಮಾ ಪಾಯಿಂಟ್ ಸುಮಾರು 2,070 ಮೀಟರ್. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ದಾಟಿದ ಮೇಲೆ. ಏದುಸಿರು ಬಂದೇ ಬರುತ್ತದೆ, ಅದು ಏರಿನದ್ದು. ಇಬ್ಬರೂ ಮಾತಾಡುತ್ತಾ ನಡೆಯುವಷ್ಟು ನಿಧಾನ ಹೋಗಿ. ಮಾತು ತುಂಡಾದರೆ ನಿಲ್ಲಿ. ಬಿ.ಪಿ. ಮಾತ್ರೆ ಕೊಡುವ ಡಾಕ್ಟರಿಗೆ ಈ ಎತ್ತರ ಹೇಳಿ, ಒಟ್ಟು ಸುಮಾರು 9 ಕಿಲೋಮೀಟರಿನಲ್ಲಿ 520 ಮೀಟರ್ ಏರು ಉಂಟೆಂದೂ ಹೇಳಿ. ಸುಮ್ಮನೆ "ಟ್ರೆಕ್ಕಿಂಗ್ ಹೋಗಬಹುದೇ" ಎಂದು ಕೇಳಿದರೆ ಅವರಿಗೂ ಸರಿಯಾದ ಉತ್ತರ ಕೊಡಲಿಕ್ಕಾಗುವುದಿಲ್ಲ.

ನನಗಿರುವ ಚಿಂತೆ ನಿಮ್ಮ ಮೊಣಕಾಲಿನದ್ದು. ಏರುವಾಗ ಎದೆ ಹೇಳುತ್ತದೆ, ಇಳಿಯುವಾಗ ಮೊಣಕಾಲು ಹೇಳುತ್ತದೆ. ಆದರೆ ಅದು ಹೇಳುವಾಗ ನೀವು ಆಗಲೇ ಮೇಲೆ ಇರುತ್ತೀರಿ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದಷ್ಟೂ ಮೊಣಕಾಲಿಗೆ ಬೀಳುವ ಪೆಟ್ಟು ಕಡಿಮೆ. ಅಭ್ಯಾಸಕ್ಕೆ ಜಿಮ್ ಬೇಡ. ನಮ್ಮ ಕಡೆ ಮನೆ ಮೇಲೆ, ತೋಟ ಕೆಳಗೆ ಅಲ್ಲವೇ? ಆ ಮುರಕಲ್ಲಿನ ಮೆಟ್ಟಿಲುಗಳನ್ನು ಈಗಿಂದಲೇ ದಿನಾ ಹತ್ತಿ ಇಳಿಯಿರಿ. ಇಳಿಯುವಾಗ ಪಾದವನ್ನು ದೊಪ್ಪನೆ ಹಾಕದೆ, ಬೆಕ್ಕು ಇಳಿದ ಹಾಗೆ ಮೆಲ್ಲ ಊರಿ. ಈಗ ಮಳೆಗಾಲ, ಪಾಚಿ ಕಟ್ಟಿರುತ್ತದೆ, ಕೆರೆಸಿ ತೆಗೆದ ಮೇಲೆಯೇ ಇಳಿಯಿರಿ. ನೋವು ಮರುದಿನವೂ ಉಳಿದರೆ ಅಥವಾ ಬಾವು ಬಂದರೆ ಫಿಸಿಯೋಥೆರಪಿಯವರಿಗೆ ತೋರಿಸಿ. ಉದ್ದ ಬದಲಿಸಬಹುದಾದ ಊರುಗೋಲು ಎರಡು ಇರಲಿ, ಒಂದು ಸಾಲದು. ಇಳಿಜಾರಿನಲ್ಲಿ ಅದರ ಉದ್ದ ಸ್ವಲ್ಪ ಹೆಚ್ಚಿಸಿಕೊಳ್ಳಿ.

ದಾರಿಯನ್ನು ಮೂರು ತಂಗುದಾಣ ಎಂದುಕೊಳ್ಳಿ. ಮರ್ಟಲ್ ಜಲಪಾತ ಒಂದು ಕಿಲೋಮೀಟರೂ ಇಲ್ಲ, ದಾರಿಗೆ ಡಾಂಬರು ಉಂಟು. ಬೇರೆ ಕವಲಿನಲ್ಲಿ ಮೇಲೆ ಹೋದರೆ ಗ್ಲೇಸಿಯರ್ ವಿಸ್ಟಾ, ಅಲ್ಲಿಂದ ನಿಸ್ಕ್ವಾಲಿ ಹಿಮನದಿ ಎದುರಿಗೇ ಕಾಣುತ್ತದೆ. ಅದರಾಚೆ ಪನೋರಮಾ. ಹೊರಡುವ ಮೊದಲೇ ಹಿಂದಿರುಗುವ ಹೊತ್ತು ನಿಶ್ಚಯಿಸಿ, ಮಧ್ಯಾಹ್ನ ಒಂದು ಗಂಟೆ ಎಂದರೆ ಒಂದು ಗಂಟೆ. ಎಲ್ಲಿದ್ದೀರೋ ಅಲ್ಲಿಂದ ತಿರುಗಿ.

ಕೊಡೆ ನಂಬಬೇಡಿ, ಗಾಳಿ ಬಿಡುವುದಿಲ್ಲ. ಗಾಳಿ ಮಳೆ ತಡೆಯುವ ಜಾಕೆಟ್, ಒಳಗೊಂದು ಉಣ್ಣೆಯದ್ದು ಇರಲಿ. ಹತ್ತಿ ಬಟ್ಟೆ ಬೆವರಿಗೆ ಒದ್ದೆಯಾದರೆ ಮೈಗೆ ಅಂಟಿ ಚಳಿ ಹಿಡಿಸುತ್ತದೆ. ಹಿಮ ಬಿಸಿಲನ್ನು ತಿರುಗಿ ಮುಖಕ್ಕೇ ಹೊಡೆಯುವುದರಿಂದ ಕಪ್ಪು ಕನ್ನಡಕ ಬೇಕೇ ಬೇಕು. ಶಿಖರದ ಮೇಲೆ ತಟ್ಟೆ ಕವುಚಿದ ಹಾಗೆ ಮೋಡ ಕೂತರೆ ಹವೆ ಕೆಡುವ ಸೂಚನೆ, ಮುಂದೆ ಹೋಗಬೇಡಿ.

ಪೆರ್ಲದ ಒಬ್ಬರು:

ಅಣ್ಣಾ, ಅಲ್ಲಿ ಹುಲ್ಲಿಗೆ ಕಾಲಿಡಬಾರದಂತೆ, ಹೌದಾ? ಹುಲ್ಲೇ ಅಲ್ಲವಾ, ನಮ್ಮ ಗುಡ್ಡೆಯಲ್ಲಿ ದನ ಮೇಯುವುದಿಲ್ಲವಾ?

ಉತ್ತರ:

ತಮ್ಮಾ, ಒಳ್ಳೆಯದಾಯಿತು ಕೇಳಿದ್ದು. ಗುಡ್ಡೆಯ ಮೇಲೆ ನಮ್ಮ ಮುರಕಲ್ಲಿನ ಬಯಲು, ಪದವು, ನೋಡಿದ್ದೀಯಲ್ಲ? ಮೇ ತಿಂಗಳಲ್ಲಿ ಕಾದ ಬಾಣಲೆ. ಮಳೆ ಬಿದ್ದು ಬೆರಳಿನಷ್ಟು ಮಣ್ಣು ಒದ್ದೆಯಾದರೆ ಓಣಂ ಹೊತ್ತಿಗೆ ಪದವು ಇಡೀ ನೀಲಿ, ಮಕ್ಕಳು ಪೂಕ್ಕಳಕ್ಕೆ, ಅಂದರೆ ಓಣಂನ ಹೂವಿನ ರಂಗೋಲಿಗೆ, ಕಾಕ್ಕಪೂವು ಎಂಬ ಆ ನೀಲಿ ಹೂ ಕೊಯ್ಯುತ್ತಾರೆ. ನೀರು ಆರಿದರೆ ಎಲ್ಲ ಮುಗಿಯಿತು. ಅಲ್ಲಿಯೂ ಹಾಗೆಯೇ, ನೀರಿನ ಬದಲು ಹಿಮದ ಲೆಕ್ಕ. 1971-72ರ ಚಳಿಗಾಲದಲ್ಲಿ ಪ್ಯಾರಡೈಸ್‌ನಲ್ಲಿ ಬಿದ್ದ ಹಿಮ ಒಟ್ಟು 28 ಮೀಟರಿಗೂ ಹೆಚ್ಚು. ಎಲ್ಲ ವರ್ಷ ಅಷ್ಟಿಲ್ಲದಿದ್ದರೂ ಜುಲೈವರೆಗೆ ಹಿಮ ಉಳಿಯುವುದುಂಟು. ಮತ್ತೆ ಹಿಮ ಬೀಳುವುದರೊಳಗೆ ಚಿಗುರು, ಹೂ, ಬೀಜ ಎಲ್ಲ ಎರಡು ಮೂರು ತಿಂಗಳಲ್ಲಿ ಆಗಬೇಕು. ಒಂದು ಬೂಟು ತುಳಿದು ಮುರಿದರೆ ಆ ಗಿಡಕ್ಕೆ ಆ ವರ್ಷ ಮುಗಿದಂತೆ. ನಾಲ್ಕು ಜನ ತುಳಿದಲ್ಲಿ ಐದನೆಯವ ದಾರಿ ಎಂದುಕೊಳ್ಳುತ್ತಾನೆ, ಬರಿ ಮಣ್ಣನ್ನು ಹಿಮ ಕರಗಿದ ನೀರು ಕೊಚ್ಚಿಕೊಂಡು ಹೋಗುತ್ತದೆ. 1899ರಿಂದ ಅದು ರಾಷ್ಟ್ರೀಯ ಉದ್ಯಾನ, ಹೂ ಕೊಯ್ಯುವ ಹಾಗೂ ಇಲ್ಲ. ಫೋಟೋಕ್ಕೆ ಕೂರುವುದಿದ್ದರೆ ಬಂಡೆ ಮೇಲೆ ಕೂತುಕೊಳ್ಳಿ.

ಟೀಚರ್:

ಹಿಮದ ಮೇಲೆ ನಿಂತು ಒಂದು ಫೋಟೋ ತೆಗೆಯುವ ಆಸೆ ಇವರಿಗೆ!

ಉತ್ತರ:

ದಾರಿ ಹಾದುಹೋಗುವಲ್ಲಿ, ಬೇರೆಯವರ ಹೆಜ್ಜೆ ಇರುವ ಸಪಾಟು ಹಿಮದಲ್ಲಿ ತೆಗೆಯಿರಿ. ನೀರಿನ ಸದ್ದು ಕೇಳುವ ಕಡೆ ಬೇಡವೇ ಬೇಡ. ಉತ್ತರಾಖಂಡದಲ್ಲಿ ಒಮ್ಮೆ ತೋಡಿನ ಮೇಲಿನ ಹಿಮವನ್ನು ಪರೀಕ್ಷಿಸಲು ಕೋಲು ಊರಿದೆ. ಹಿಡಿಯವರೆಗೆ ಸರ್ರನೆ ಇಳಿಯಿತು. ಎಳೆದಾಗ ಆ ತೂತಿನಿಂದ ತಣ್ಣನೆ ಗಾಳಿ ಮುಖಕ್ಕೆ ಬಂತು, ಕೆಳಗೆ ನೀರು ಭೋರ್ಗರೆಯುತ್ತಿತ್ತು. ಮೇಲೆ ನೋಡಿದರೆ ಬಿಳಿ ಹಾಸಿನ ಹಾಗೆ ಇತ್ತು. ಬೇಸಗೆಯ ಕೊನೆಗೆ ಅಡಿಯಿಂದ ಕರಗಿ ತೆಳುವಾಗಿರುತ್ತದೆ. ಪನೋರಮಾದಾಚೆ ಕಡಿದಾದ ಹಿಮದ ಇಳಿಜಾರು ಉಂಟು. ಅದನ್ನು ತಪ್ಪಿಸಲೆಂದೇ ಹೈ ಸ್ಕೈಲೈನ್ ಎಂಬ ಮೇಲಿನ ದಾರಿ ಇದೆ. ಆ ದಿನದ ಸ್ಥಿತಿಯನ್ನು ಪ್ಯಾರಡೈಸ್‌ನಲ್ಲಿ ಉದ್ಯಾನದ ಕಾವಲು ಸಿಬ್ಬಂದಿ, ಅಂದರೆ ರೇಂಜರ್ ಹತ್ತಿರ ಕೇಳಿಯೇ ಹೊರಡಿ.

ಟೀಚರ್ (ಆಗಸ್ಟ್ ಕೊನೆಯಲ್ಲಿ):

ಹೋಗಿ ಬಂದೆವು ಸರ್! ಗ್ಲೇಸಿಯರ್ ವಿಸ್ಟಾ ತಲುಪುವಾಗ ಮಧ್ಯಾಹ್ನ ಒಂದು ಗಂಟೆಯಾಯಿತು. ಇವರಿಗೆ ಇನ್ನೂ ಮೇಲೆ ಹೋಗುವ ಮನಸ್ಸಿತ್ತು, ನಾನು ಬಿಡಲಿಲ್ಲ. ಅವಲಕ್ಕಿ ತಿನ್ನುತ್ತಾ ಕೂತಿದ್ದಾಗ ಲಾರಿಯಿಂದ ಮುರಕಲ್ಲು ಸುರಿದ ಹಾಗೆ ಸದ್ದು. ತಿರುಗಿ ನೋಡಿದರೆ ಹಿಮನದಿಯ ಅಂಚಿನಲ್ಲಿ ಸ್ವಲ್ಪ ಧೂಳು ಮಾತ್ರ. ಇಳಿಯುವಾಗ ಮೊಣಕಾಲು ಎರಡು ಸಲ ಹೇಳಿತು, ಎರಡು ಸಲವೂ ಕೂತೆ. ಮರುದಿನ ನೋವಿರಲಿಲ್ಲ. ಒಂದು ಸಂಶಯ. ದಾರಿಯ ಬದಿಯಲ್ಲಿ ಗೇಣುದ್ದದ ದಂಟಿನ ತುದಿಯಲ್ಲಿ ಕೆದರಿದ ನರೆಗೂದಲಿನ ಹಾಗೆ ಏನೋ ಇತ್ತು, ಸಾಲು ಸಾಲು. ಅದು ಎಂತ ಹೂ?

ಉತ್ತರ:

ಅದು ವೆಸ್ಟರ್ನ್ ಅನೆಮೋನಿ, ಟೀಚರೇ. ಹಿಮ ಸರಿದ ಕೂಡಲೇ ಬಿಳಿಯಾಗಿ ಅರಳಿ ಬೇಗನೆ ಉದುರುತ್ತದೆ. ನೀವು ನೋಡಿದ್ದು ಹೂವಲ್ಲ, ಗಾಳಿಗೆ ಹಾರಲು ತಯಾರಾಗಿದ್ದ ಬೀಜ.